ಎಷ್ಟು ಗಿಡದ ಲೆಕ್ಕ?

ಕಳೆದ ಆಷಾಢದಲ್ಲಿ ಒಂದು ಲ್ಯಾಪ್‌ಟಾಪ್, ಎರಡು ಹಾರ್ಡ್ ಡಿಸ್ಕ್, ಮೂರು ಲ್ಯಾಬ್ ನೋಟ್‌ಬುಕ್ ಕಟ್ಟಿಕೊಂಡು ಬೆಂಗಳೂರಿನಿಂದ ಚಿಕ್ಕಮಗಳೂರು ಹತ್ತಿರದ ಆಲ್ದೂರಿನ ನಮ್ಮ ಮನೆಗೆ ಬಂದೆ. ಪ್ರಯೋಗ ಎಲ್ಲ ಮುಗಿದಿತ್ತು. ಸಂಶೋಧನಾ ಪ್ರಬಂಧ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸುವುದೊಂದೇ ಬಾಕಿ ಅಂದುಕೊಂಡಿದ್ದೆ. "ತಿಂಗಳೊಳಗೆ ಮುಗಿಯುತ್ತೆ" ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಈಗ ಕಾರ್ತಿಕ ಕಳೆಯಿತು, ತೋಟದಲ್ಲಿ ಅರೇಬಿಕಾ ಕೊಯ್ಲಿಗೆ ಬಂದಿದೆ, ಆ ಪ್ರಬಂಧ ಇನ್ನೂ ನನ್ನ ಮೇಜಿನ ಮೇಲಿದೆ. ಬೇಜಾರಿನಿಂದ ಹೇಳುತ್ತಿಲ್ಲ. ಹಿಂದಿನ ನಾಲ್ಕು ವರ್ಷ ಲ್ಯಾಬಿನಲ್ಲಿ ಕಲಿಯದೇ ಉಳಿದಿದ್ದನ್ನು ಈ ಐದು ತಿಂಗಳಲ್ಲಿ ಮನೆಯ ಜಗಲಿಯ ಮೇಲೆ ಕಲಿತೆ. ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ.

ನನ್ನ ಕೆಲಸ ಲೈಸೊಸೋಮ್ ಮೇಲೆ. ನಮ್ಮ ಜೀವಕೋಶಗಳ ಒಳಗೆ ಇರುವ ಪುಟ್ಟ ಪುಟ್ಟ ಚೀಲಗಳು ಇವು. ಒಳಗೆ ಹುಳಿ ಹುಳಿ ದ್ರವ, ಅದರಲ್ಲಿ ಏನನ್ನಾದರೂ ಕರಗಿಸುವ ಕಿಣ್ವಗಳು. ಕೋಶದಲ್ಲಿ ಹಳತಾದ, ಮುರಿದ ಸಾಮಾನೆಲ್ಲ ಇಲ್ಲಿಗೆ ಬಂದು ಕರಗಿ ಮತ್ತೆ ಬಳಕೆಗೆ ಬರುತ್ತದೆ. ತೋಟದ ಗೊಬ್ಬರದ ಗುಂಡಿ ಇದೆಯಲ್ಲ, ಹಾಗೆ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1955ರಲ್ಲಿ ಇವುಗಳಿಗೆ ಹೆಸರಿಟ್ಟರು. 1974ರಲ್ಲಿ ಅವರಿಗೆ ನೊಬೆಲ್ ಬಂತು.

ಗೊಬ್ಬರದ ಗುಂಡಿ ತೋಡಿದ ಕಡೆಯೇ ಇರುತ್ತದೆ. ಲೈಸೊಸೋಮ್ ಓಡಾಡುತ್ತದೆ. ಕೋಶಕ್ಕೆ ಹೊಟ್ಟೆ ತುಂಬ ಊಟ ಇದ್ದಾಗ ತುಂಬಾ ಲೈಸೊಸೋಮ್‌ಗಳು ಅಂಚಿನ ಕಡೆ ಹರಡಿಕೊಂಡಿರುತ್ತವೆ. ಊಟ ತಪ್ಪಿಸಿದರೆ ಕೆಲವೇ ಗಂಟೆಯಲ್ಲಿ ನಡುವಿಗೆ, ನ್ಯೂಕ್ಲಿಯಸ್ ಪಕ್ಕಕ್ಕೆ, ಬಂದು ಗುಂಪಾಗುತ್ತವೆ. ಕೋಶದೊಳಗೆ ಮೈಕ್ರೋಟ್ಯೂಬ್ಯೂಲ್ ಅನ್ನುವ ಹಳಿಗಳಿವೆ. ಆ ಹಳಿಗಳ ಮೇಲೆ ಹೊರಗೆ ಎಳೆಯುವುದು ಕೈನೆಸಿನ್ ಅನ್ನುವ ಪ್ರೋಟೀನ್, ಒಳಗೆ ಎಳೆಯುವುದು ಡೈನೀನ್ ಅನ್ನುವ ಪ್ರೋಟೀನ್. ಇಷ್ಟು ಮೊದಲೇ ಗೊತ್ತಿದ್ದ ವಿಷಯ. ನಾನು ಕೇಳಿದ್ದು ಅದರ ಮುಂದಿನ ಪ್ರಶ್ನೆ. ಹಸಿದ ಕೋಶಕ್ಕೆ ಮತ್ತೆ ಊಟ ಹಾಕಿದರೆ ಲೈಸೊಸೋಮ್‌ಗಳು ಎಷ್ಟು ಹೊತ್ತಿಗೆ ಅಂಚಿಗೆ ವಾಪಸ್ಸಾಗುತ್ತವೆ? ಒಂದು ಪ್ರೋಟೀನನ್ನು ಕಡಿಮೆ ಮಾಡಿದರೆ ಆ ವಾಪಸ್ಸು ತಡವಾಗುತ್ತದಾ? ಆ ಪ್ರೋಟೀನಿನ ಹೆಸರು ಪ್ರಬಂಧ ಹೊರಬಂದ ಮೇಲೆ ಹೇಳುತ್ತೇನೆ.

ಸೆಲ್ ಬಯಾಲಜಿಯಲ್ಲಿ ಬರವಣಿಗೆ ಶುರುವಾಗುವುದು ಚಿತ್ರದಿಂದ. ಚಿತ್ರಗಳನ್ನು ಒಂದು ಸಾಲಿಗೆ ಜೋಡಿಸಿ, ಆ ಸಾಲು ತಾನಾಗಿ ಕಥೆ ಹೇಳುತ್ತಾ ನೋಡಬೇಕು. ಹೇಳಿದರೆ ಮಾತ್ರ ಪದ ಹುಡುಕಬೇಕು. ನಾನು ಎಲ್ಲವನ್ನೂ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದೆ. ಜಗಲಿಯ ಮೇಲೆ ಹರಡಿ, ಗಾಳಿಗೆ ಹಾರದ ಹಾಗೆ ಮೂಲೆಗೊಂದು ಒಣ ಅಡಿಕೆ ಇಟ್ಟೆ. ಪುನರ್ವಸು ಮಳೆ ಹಿಡಿದಿತ್ತು. ಹಿಡಿದರೆ ಬಿಡುವ ಮಳೆ ಅಲ್ಲ ಅದು. ಕರೆಂಟ್ ಬೆಳಿಗ್ಗೆ ಹೋದರೆ ಸಂಜೆಗೂ ಗ್ಯಾರಂಟಿ ಇಲ್ಲ. ಹಾಗಾಗಿ ಮೊದಲ ಎರಡು ವಾರ ಕಾಗದ, ಪೆನ್ಸಿಲ್, ಕಣ್ಣು, ಇಷ್ಟೇ. ಈಗ ಯೋಚಿಸಿದರೆ ಅದೇ ಒಳ್ಳೆಯದಾಯಿತು.

ಮೊದಲ ಪಾಠ ಕಲಿಸಿದ್ದು ಚಿಕ್ಕಪ್ಪ. ಅವರಿಗೆ ಹುಟ್ಟಿನಿಂದ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಕೊಯ್ಲಿನಲ್ಲಿ ಹಣ್ಣನ್ನು ಬಣ್ಣ ನೋಡಿ ಕೀಳುವುದಿಲ್ಲ, ಬೆರಳಲ್ಲಿ ಒತ್ತಿ ನೋಡಿ ಕೀಳುತ್ತಾರೆ. ನನ್ನ ಎರಡನೇ ಚಿತ್ರದಲ್ಲಿ ಲೈಸೊಸೋಮ್ ಕೆಂಪು, ಪ್ರೋಟೀನ್ ಹಸಿರು. ಎರಡೂ ಒಂದೇ ಜಾಗದಲ್ಲಿದ್ದರೆ ಹಳದಿ. ಆ ಹಳದಿಯೇ ಚಿತ್ರದ ಜೀವ. ಚಿಕ್ಕಪ್ಪ ಕಾಗದ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. "ಇದ್ರಲ್ಲಿ ಎರಡು ಬಣ್ಣ ಎಲ್ಲಿದೆ? ಎಲ್ಲ ಒಂದೇ ಥರ ಇದೆಯಲ್ಲ" ಅಂದರು. ಇಂಥ ದೃಷ್ಟಿ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವುದರಿಂದ ಗಂಡಸರಲ್ಲೇ ಜಾಸ್ತಿ ಅಂತ ನಾನು ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಚಿತ್ರ ಮಾಡುವಾಗ ನೆನಪಾಗಿರಲಿಲ್ಲ. ಕೆಂಪಿನ ಜಾಗಕ್ಕೆ ಮೆಜೆಂಟಾ ಹಾಕಿದೆ, ಪಕ್ಕದಲ್ಲಿ ಒಂದೊಂದು ಬಣ್ಣವನ್ನು ಬೇರೆಯಾಗಿ ಕಪ್ಪು-ಬಿಳುಪಿನಲ್ಲಿ ಇಟ್ಟೆ. ಪತ್ರಿಕೆಗಳೂ ಈಗ ಇದನ್ನೇ ಮಾಡಿ ಅನ್ನುತ್ತವೆ. ಮತ್ತೆ ತೋರಿಸಿದಾಗ ಚಿಕ್ಕಪ್ಪ ಬೆರಳಿಟ್ಟು ಹೇಳಿದರು: "ಇಲ್ಲಿ ಒಂದರ ಮೇಲೆ ಒಂದಿದೆ. ಇಲ್ಲಿ ಇಲ್ಲ."

ಎರಡನೆಯದು ಹೇಳಲು ಸ್ವಲ್ಪ ಕಷ್ಟ.

ಒಂದು ರಾತ್ರಿ ಪ್ರತಿ ಚಿತ್ರದ ಮೂಲ ಫೈಲ್ ಯಾವುದು ಅಂತ ಪಟ್ಟಿ ಮಾಡುತ್ತಿದ್ದೆ. ಮೈಕ್ರೋಸ್ಕೋಪಿನಿಂದ ಬಂದ ಫೈಲಿನ ಹೆಸರು, ತಾರೀಖು, ನೋಟ್‌ಬುಕ್ಕಿನ ಪುಟ. ನಾಲ್ಕನೇ ಚಿತ್ರದಲ್ಲಿ ಆರು ಚೌಕಗಳಿವೆ. ಐದಕ್ಕೆ ಫೈಲ್ ಸಿಕ್ಕಿತು. ಆರನೆಯದಕ್ಕೆ ಸಿಗಲಿಲ್ಲ. ಆ ದಿನದ ಫೋಲ್ಡರ್ ಪೂರ್ತಿ ತೆಗೆದು ನೋಡಿದೆ. ಅಲ್ಲಿದ್ದ ಯಾವ ಕೋಶವೂ ಈ ಕೋಶದ ಹಾಗಿಲ್ಲ. ಕೊನೆಗೆ ಜೂಮ್ ಮಾಡಿ ನೋಡಿದಾಗ ಎಡಗಡೆ ಅಂಚಿನಲ್ಲಿ ಒಂದು ಸಣ್ಣ ಬಾಲದಂಥದ್ದು ಕಂಡಿತು. ಅದೇ ಬಾಲ ಎರಡನೇ ಚೌಕದಲ್ಲೂ ಇತ್ತು. ಒಂದೇ ಕೋಶ. ಚಿತ್ರದ ಅಳತೆ ಕೂರಿಸಲು ಒಂದೂವರೆ ವರ್ಷದ ಹಿಂದೆ ಎರಡನೇ ಚೌಕವನ್ನು ಕಾಪಿ ಮಾಡಿ ಆರನೆಯದರ ಜಾಗದಲ್ಲಿ ಇಟ್ಟಿದ್ದೆ, ಆಮೇಲೆ ಬದಲಾಯಿಸೋಣ ಅಂತ. ಬದಲಾಯಿಸಿರಲಿಲ್ಲ. ಅದೇ ಚಿತ್ರ ಹಿಡಿದು ಲ್ಯಾಬ್ ಮೀಟಿಂಗಿನಲ್ಲಿ ಎರಡು ಸಲ ಮಾತಾಡಿದ್ದೆ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಇದು ಹಾಗೇ ಅಚ್ಚಾಗಿದ್ದರೆ? "ಮರೆತಿದ್ದೆ" ಅಂದರೆ ಯಾರು ನಂಬುತ್ತಾರೆ, ಯಾಕೆ ನಂಬಬೇಕು? ಎಲಿಸಬೆತ್ ಬಿಕ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರರು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 40 ಪತ್ರಿಕೆಗಳಲ್ಲಿ 1995ರಿಂದ 2014ರವರೆಗೆ ಬಂದ 20,621 ಪ್ರಬಂಧಗಳನ್ನು ಕಣ್ಣಲ್ಲೇ ನೋಡಿ ಪರೀಕ್ಷಿಸಿದ್ದರು. ನೂರಕ್ಕೆ 3.8ರಷ್ಟರಲ್ಲಿ ಒಂದೇ ಚಿತ್ರ ಎರಡು ಕಡೆ ಬಂದಂಥ ತೊಂದರೆ ಇತ್ತು. ಅದರಲ್ಲಿ ಅರ್ಧಕ್ಕಾದರೂ ಬೇಕಂತಲೇ ತಿದ್ದಿದ ಗುರುತು ಕಾಣುತ್ತದೆ ಅಂದಿದ್ದರು. ಉಳಿದ ಅರ್ಧದಲ್ಲಿ ನನ್ನಂಥವರು ಎಷ್ಟು ಜನ ಇದ್ದರೋ. ಓದುವವರಿಗೆ ಆ ವ್ಯತ್ಯಾಸ ಗೊತ್ತಾಗುವ ದಾರಿಯೇ ಇಲ್ಲ, ಅಲ್ವಾ?

ಜರ್ನಲ್ ಆಫ್ ಸೆಲ್ ಬಯಾಲಜಿ ಅನ್ನುವ ಪತ್ರಿಕೆ ಶುರುವಾಗಿದ್ದೂ ಲೈಸೊಸೋಮಿಗೆ ಹೆಸರು ಬಂದ 1955ರಲ್ಲೇ, ಆಗ ಬೇರೆ ಉದ್ದನೆಯ ಹೆಸರಿತ್ತು. ಒಪ್ಪಿಕೊಂಡ ಪ್ರತಿ ಪ್ರಬಂಧದ ಪ್ರತಿ ಚಿತ್ರವನ್ನೂ ಅಚ್ಚಿಗೆ ಮೊದಲು ಪರೀಕ್ಷಿಸುವ ಪದ್ಧತಿಯನ್ನು ಅದು 2002ರಲ್ಲಿ ತಂದಿತು. ಅಲ್ಲಿಂದ ಹುಟ್ಟಿದ ನಿಯಮಗಳನ್ನು ಈಗ ಹೆಚ್ಚು ಕಡಿಮೆ ಎಲ್ಲರೂ ಪಾಲಿಸುತ್ತಾರೆ. ಬೆಳಕು ಹೆಚ್ಚು ಕಡಿಮೆ ಮಾಡುವುದಿದ್ದರೆ ಇಡೀ ಚಿತ್ರಕ್ಕೆ ಮಾಡಬೇಕು. ಊಟ ಹಾಕಿದ ಕೋಶಕ್ಕೆ ಎಷ್ಟೋ, ಹಸಿದ ಕೋಶಕ್ಕೂ ಅಷ್ಟೇ. ಒಂದು ಮೂಲೆಯನ್ನು ಮಾತ್ರ ಎದ್ದು ಕಾಣಿಸುವಂತಿಲ್ಲ, ಒಂದು ಚುಕ್ಕೆಯನ್ನೂ ಒರೆಸುವಂತಿಲ್ಲ. ಎರಡು ಚಿತ್ರ ಅಂಟಿಸಿದ್ದರೆ ನಡುವೆ ಗೆರೆ ಕಾಣಬೇಕು. ಅಳತೆಗೋಲಿನ ಗೆರೆ, ಅದು ಎಷ್ಟು ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಅನ್ನುವ ಮಾತು ಇರಲೇಬೇಕು. ಪ್ರೋಟೀನ್ ಪತ್ತೆ ಮಾಡುವ ಬ್ಲಾಟ್ ಪರೀಕ್ಷೆಯ ಕತ್ತರಿಸದ ಮೂಲ ಚಿತ್ರಗಳನ್ನು ಕೇಳಿದಾಗ ಕೊಡಬೇಕು. ಇವನ್ನೆಲ್ಲ ನಾನು ಆಫೀಸಿನ ಫಾರಂ ತುಂಬುವ ಹಾಗೆ ನೋಡುತ್ತಿದ್ದೆ. ಆ ರಾತ್ರಿಯ ನಂತರ ಹಾಗೆ ನೋಡಿಲ್ಲ.

ಬೆಳಿಗ್ಗೆ ಗೈಡಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ಉಳಿದ ಎಲ್ಲ ಚೌಕಕ್ಕೂ ಪಟ್ಟಿ ಮುಗಿಸು, ಆಮೇಲೆ ಮಾತಾಡೋಣ" ಅಂದರು. ಒಟ್ಟು 71 ಚೌಕ. ನಾಲ್ಕು ದಿನ ಹಿಡಿಯಿತು. ಬೇರೆ ತಪ್ಪು ಸಿಗಲಿಲ್ಲ. ಆರನೇ ಚೌಕದ ನಿಜವಾದ ಚಿತ್ರ ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿತ್ತು. ನೋಡಲು ಅಷ್ಟು ಚಂದ ಇರಲಿಲ್ಲ. ಅದನ್ನೇ ಹಾಕಿದೆ.

ಇನ್ನು ಅಪ್ಪನ ಲೆಕ್ಕದ ವಿಷಯ.

ಜುಲೈ ಮಳೆಗೆ ಕಾಫಿ ಕಾಯಿ ಉದುರುತ್ತದೆ. ಬುಡದಲ್ಲಿ ನೀರು ನಿಂತರೆ, ನೆರಳು ಜಾಸ್ತಿಯಾಗಿ ಗಾಳಿ ಆಡದಿದ್ದರೆ ಇನ್ನೂ ಜಾಸ್ತಿ. ಎಷ್ಟು ಉದುರಿದೆ ಅಂತ ಅಪ್ಪ ಪ್ರತಿ ವರ್ಷ ನೋಡುತ್ತಾರೆ. ಈ ಸಲ ನಾನೂ ಕಂಬಳಿ ಕೊಪ್ಪೆ ಹಾಕಿಕೊಂಡು ಹೋದೆ. ಮನೆ ಹಿಂದಿನ ಬ್ಲಾಕಿನಲ್ಲಿ ಒಂದು ಗಿಡದ ಬುಡದಲ್ಲಿ ಕೂತು ಬಿದ್ದ ಕಾಯಿ ಎಣಿಸಿದೆ. ತರಗೆಲೆ ಸರಿಸಿದಷ್ಟೂ ಸಿಗುತ್ತಿತ್ತು. ಹಸಿರು ಕಾಯಿ, ತೊಟ್ಟಿನ ಹತ್ತಿರ ಮಾತ್ರ ಕಪ್ಪಗಾಗಿದೆ, ಒತ್ತಿದರೆ ಇನ್ನೂ ಗಟ್ಟಿ. ನೂರಾ ಹನ್ನೆರಡು. "ಅಪ್ಪ, ನೂರಕ್ಕಿಂತ ಜಾಸ್ತಿ ಬಿದ್ದಿದೆ, ಈ ವರ್ಷ ಬೆಳೆ ಹೋಯ್ತು" ಅಂದೆ.

ಅಪ್ಪ ತಿರುಗಿ ನೋಡಲೂ ಇಲ್ಲ. "ಅದು ನೂರಲ್ಲ ಮಗ, ಒಂದು. ಒಂದು ಗಿಡ. ಆ ಗಿಡದ ಬುಡದಲ್ಲಿ ನೀರು ನಿಂತಿದ್ರೆ ಅದರ ಕಾಯೆಲ್ಲ ಒಟ್ಟಿಗೇ ಉದುರುತ್ತೆ. ಕೆಳಗಿನ ಬ್ಲಾಕಿಗೆ ನಡಿ, ಹಳ್ಳದ ಪಕ್ಕ ನೋಡು, ದಿಣ್ಣೆ ಮೇಲೆ ನೋಡು. ಆಮೇಲೆ ತೋಟದ ಮಾತಾಡು."

ನಾನು ಅಲ್ಲೇ ನಿಂತೆ. ಕೈಯಲ್ಲಿ ಕಾಯಿ ಇತ್ತು. ತಲೆಯಲ್ಲಿ ನನ್ನ ಐದನೇ ಚಿತ್ರ ಓಡುತ್ತಿತ್ತು.

ಆ ಚಿತ್ರದಲ್ಲಿ ನಾನು 120 ಕೋಶಗಳನ್ನು ಅಳೆದಿದ್ದೆ. ಎನ್, ಅಂದರೆ ಮಾದರಿಗಳ ಸಂಖ್ಯೆ, 120 ಅಂತ ಬರೆದು, ಆ ಲೆಕ್ಕದಲ್ಲಿ ಪಿ ಮೌಲ್ಯ ತೆಗೆದಿದ್ದೆ. ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಎಷ್ಟು ಅನ್ನುವ ಲೆಕ್ಕ ಅದು, ಕಡಿಮೆ ಇದ್ದಷ್ಟೂ ಚಿತ್ರದ ಮೇಲೆ ನಕ್ಷತ್ರ ಜಾಸ್ತಿ. ಭರ್ಜರಿಯಾಗಿ ಬಂದಿತ್ತು, ನಾಲ್ಕು ನಕ್ಷತ್ರ. ಆದರೆ ಆ 120 ಕೋಶ ಬಂದಿದ್ದು ಮೂರು ದಿನದ ಮೂರು ಪ್ರಯೋಗದಿಂದ, ದಿನಕ್ಕೆ 40. ಒಂದು ದಿನದ 40 ಕೋಶ ಬೆಳೆದಿದ್ದು ಒಂದೇ ತಟ್ಟೆಯಲ್ಲಿ, ಒಂದೇ ಬಾಟಲಿಯ ಊಟ ತಿಂದು. ಆ ದಿನ ಇನ್‌ಕ್ಯುಬೇಟರ್ ಸ್ವಲ್ಪ ತಣ್ಣಗಿದ್ದರೆ ನಲವತ್ತಕ್ಕೂ ತಣ್ಣಗೇ. ನನಗೆ ಗೊತ್ತಿರಬೇಕಾದ ವಿಷಯ ಇದು. ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಇದೆ. 2020ರಲ್ಲಿ ಜರ್ನಲ್ ಆಫ್ ಸೆಲ್ ಬಯಾಲಜಿಯಲ್ಲೇ ಸೂಪರ್‌ಪ್ಲಾಟ್ ಅನ್ನುವ ಚಿತ್ರದ ಬಗ್ಗೆ ಒಂದು ಒಳ್ಳೆಯ ಲೇಖನ ಬಂದಿದೆ. ಪ್ರತಿ ಕೋಶಕ್ಕೆ ಒಂದು ಸಣ್ಣ ಚುಕ್ಕೆ, ಒಂದೊಂದು ದಿನದ ಪ್ರಯೋಗಕ್ಕೆ ಒಂದೊಂದು ಬಣ್ಣ, ಆ ದಿನದ ಸರಾಸರಿಗೆ ಒಂದು ದೊಡ್ಡ ಚುಕ್ಕೆ. ಪಿ ಮೌಲ್ಯ ತೆಗೆಯುವುದು ದೊಡ್ಡ ಚುಕ್ಕೆಗಳಿಂದ. ಓದಿದ್ದೆ, ತಲೆ ಆಡಿಸಿದ್ದೆ. ನನ್ನ ಕೆಲಸಕ್ಕೆ ಅನ್ವಯಿಸಿರಲಿಲ್ಲ. ಕೆಸರಲ್ಲಿ ಕೂತು ನೂರಾ ಹನ್ನೆರಡು ಕಾಯಿ ಎಣಿಸಿದ ಮೇಲೆ ಮೈಗೆ ಹತ್ತಿತು.

ಮನೆಗೆ ಬಂದು ಕೈಕಾಲು ತೊಳೆದು ಹೊಸ ಲೆಕ್ಕ ಹಾಕಿದೆ. ಮೂರು ದೊಡ್ಡ ಚುಕ್ಕೆ ಈ ಕಡೆ, ಮೂರು ಆ ಕಡೆ. ಎರಡು ದಿನ ವ್ಯತ್ಯಾಸ ಚೆನ್ನಾಗಿದೆ, ಮೂರನೇ ದಿನ ಅಷ್ಟಕ್ಕಷ್ಟೆ. ನಾಲ್ಕು ನಕ್ಷತ್ರದಲ್ಲಿ ಒಂದೂ ಉಳಿಯಲಿಲ್ಲ.

ಆಗಸ್ಟಿನಲ್ಲಿ ಬೆಂಗಳೂರಿಗೆ ವಾಪಸ್ ಹೋಗಿ ಅದೇ ಪ್ರಯೋಗ ಇನ್ನೆರಡು ಸಲ ಮಾಡಿದೆ. ಮೊದಲೇ ಗೈಡ್ ಜೊತೆ ಕೂತು ಒಂದು ಮಾತು ಮಾಡಿಕೊಂಡಿದ್ದೆ. ಎರಡೇ ಸಲ, ಬಂದದ್ದು ಬಂದ ಹಾಗೆ ಹಾಕುವುದು. ಉತ್ತರ ಇಷ್ಟವಾಗುವ ತನಕ ಮಾಡುತ್ತಾ ಹೋಗಬಾರದು. ಲ್ಯಾಬಿನಲ್ಲಿ ಎಂಎಸ್‌ಸಿ ಮುಗಿಸಿ ಬಂದ ಹುಡುಗಿಯೊಬ್ಬಳು ಇದ್ದಳು. ಯಾವ ತಟ್ಟೆ ಯಾವುದು ಅಂತ ಗೊತ್ತಾಗದ ಹಾಗೆ ನಂಬರ್ ಅಂಟಿಸಿ ಅವಳಿಗೆ ಕೊಟ್ಟೆ, ಅವಳು ಅಳೆದಳು. ಐದು ದಿನದ ಐದು ಚುಕ್ಕೆ ಸೇರಿಸಿದಾಗ ಮುಖ್ಯ ಮಾತು ನಿಂತಿತು. ಆ ಪ್ರೋಟೀನ್ ಕಡಿಮೆಯಾದರೆ ಲೈಸೊಸೋಮ್ ಅಂಚಿಗೆ ಮರಳುವುದು ನಿಜವಾಗಿ ತಡ. ಆದರೆ ಅದರ ಜೊತೆಗಿದ್ದ ಇನ್ನೊಂದು ಮಾತು, ಹಸಿವಿನ ಸಮಯದಲ್ಲೂ ಅವುಗಳ ಗುಂಪು ಸಡಿಲವಾಗುತ್ತದೆ ಅಂತ ಬರೆದಿದ್ದೆ, ಅದು ಬಿದ್ದುಹೋಯಿತು. ಏಳು ಚಿತ್ರ ಐದಾಯಿತು. ಒಂದು ವರ್ಷದ ಕೆಲಸ ಅದರಲ್ಲಿ ಹೋಯಿತು. ನೋವಾಗಲಿಲ್ಲ ಅಂದರೆ ಸುಳ್ಳು. ಆದರೆ ಉಳಿದ ಐದನ್ನು ಯಾರು ಕೇಳಿದರೂ ಎದುರು ಕೂತು ಹೇಳಬಲ್ಲೆ.

ಆ ಹುಡುಗಿಯ ಹೆಸರು ಈಗ ಪ್ರಬಂಧದಲ್ಲಿ ಎರಡನೆಯದು. ಯಾರು ಏನು ಮಾಡಿದರು ಅಂತ ಬರೆಯಲು ಈಗ 14 ಬಗೆಯ ಕೆಲಸಗಳ ಒಂದು ಪಟ್ಟಿ ಬಳಕೆಯಲ್ಲಿದೆ. ಅದನ್ನು ಮುಂದಿಟ್ಟುಕೊಂಡು ಮೊದಲೇ ಮಾತಾಡಿದ್ದರಿಂದ ಮನಸ್ತಾಪ ಬರಲಿಲ್ಲ.

ಬರೆಯುವುದಕ್ಕೆ ಬರುತ್ತೇನೆ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಬರವಣಿಗೆ ಅಂದರೆ ಬಹಳ ವರ್ಷ ಒಂಥರಾ ಭಯ ಇತ್ತು. ಭಯಕ್ಕೆ ದೊಡ್ಡ ದೊಡ್ಡ ಪದ ಹುಡುಕುತ್ತಿದ್ದೆ. ಈ ಸಲ ಬೇರೆ ಮಾಡಿದೆ. ಪ್ರತಿ ಪ್ಯಾರಾವನ್ನು ಮೊದಲು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಕಳಲೆ ಹೆಚ್ಚುತ್ತಾ ಕೇಳುತ್ತಿದ್ದರು. ಒಂದು ಕಡೆ ನಾನು "ಈ ಪ್ರೋಟೀನ್ ಲೈಸೊಸೋಮಿನ ಚಲನೆಯಲ್ಲಿ ಪಾತ್ರ ವಹಿಸಬಹುದು ಅನ್ನುವುದನ್ನು ಸೂಚಿಸುವಂತೆ ಕಾಣುತ್ತದೆ" ಅಂದೆ. ಅಮ್ಮ ಚಾಕು ನಿಲ್ಲಿಸಿದರು. "ವಹಿಸುತ್ತೋ ಇಲ್ವೋ?"

ಒಳ್ಳೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಆ ವಾಕ್ಯ ಸಲೀಸಾಗಿ ಜಾರಿಹೋಗುತ್ತದೆ, ಎಲ್ಲರೂ ಹಾಗೇ ಬರೆಯುತ್ತಾರೆ. ಕನ್ನಡದಲ್ಲಿ ಹೇಳಿದಾಗ ಒಳಗೆ ಏನೂ ಇಲ್ಲ ಅಂತ ಗೊತ್ತಾಯಿತು. ನನಗೆ ಗೊತ್ತಿದ್ದದ್ದು ಇಷ್ಟು: ಪ್ರೋಟೀನ್ ಕಡಿಮೆ ಮಾಡಿದಾಗ ವಾಪಸ್ಸು ತಡವಾಯಿತು, ಮತ್ತೆ ಸೇರಿಸಿದಾಗ ಸರಿಹೋಯಿತು. ಅಷ್ಟನ್ನೇ ಬರೆದೆ. ಅದು ಕೈನೆಸಿನ್ ಜೊತೆ ನೇರವಾಗಿ ಕೈ ಜೋಡಿಸುತ್ತದಾ ಅನ್ನುವುದು ಗೊತ್ತಿಲ್ಲ. ಆ ಗೊತ್ತಿಲ್ಲದ್ದನ್ನು ಚರ್ಚೆಯ ಭಾಗದಲ್ಲಿ ಬೇರೆಯಾಗಿ, ಗೊತ್ತಿಲ್ಲ ಅಂತಲೇ ಬರೆದೆ.

ವಿಧಾನದ ಭಾಗವನ್ನು ಹೆಚ್ಚಿನವರು ಕೊನೆಗೆ, ಹಳೆಯ ಪ್ರಬಂಧದಿಂದ ಎತ್ತಿ ಬರೆಯುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಆ ವಾರ ಅಡಿಕೆಗೆ ಔಷಧಿ ಹೊಡೆಯಲು ಅಪ್ಪ ಬೋರ್ಡೋ ಮಾಡುತ್ತಿದ್ದರು. ನಮ್ಮ ಕಡೆ ಕೊಳೆರೋಗಕ್ಕೆ ಇದೇ ಗತಿ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ ಬರೆದರು. ನಮ್ಮ ಪಕ್ಕದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಗಿದ್ದರಲ್ಲೂ ಅವರ ಪಾಲಿದೆ. ಬೋರ್ಡೋ ಲೆಕ್ಕ ಸುಲಭ. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತಾ ಕಲಕಬೇಕು. ಆಮೇಲೆ ಅಪ್ಪ ಕತ್ತಿ ಅದ್ದಿ ತೆಗೆದು ನೋಡುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಅಡಿಕೆ ಸುಟ್ಟುಹೋಗುತ್ತದೆ. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದುತ್ತಾರೆ. ಅಲಗು ಬೆಳ್ಳಗೇ ಬಂದರೆ ಸರಿ.

ಕಿಲೋ, ಲೀಟರ್ ಎಲ್ಲ ಬರೆದು ಕತ್ತಿ ಅದ್ದುವುದನ್ನು ಬಿಟ್ಟರೆ ಆ ಚೀಟಿ ಓದಿದವನ ಫಸಲು ಏನಾಗಬೇಕು? ನನ್ನ ವಿಧಾನದ ಭಾಗದಲ್ಲಿ ಕತ್ತಿ ಎಲ್ಲಿದೆ ಅಂತ ಹುಡುಕಿದೆ. ಸಿಕ್ಕಿತು. "ಕೋಶಗಳನ್ನು ಎರಡು ಸಲ ತೊಳೆದು ಹಸಿವಿನ ದ್ರವಕ್ಕೆ ಹಾಕಲಾಯಿತು" ಅಂತ ಬರೆದಿದ್ದೆ. ತೊಳೆಯುವ ದ್ರವವನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ, ಅದನ್ನು ಬರೆದಿರಲಿಲ್ಲ. ಫ್ರಿಜ್ಜಿನಿಂದ ತೆಗೆದು ಹಾಗೇ ಹುಯ್ದರೆ ತಣ್ಣಗಾಗಿ ಮೈಕ್ರೋಟ್ಯೂಬ್ಯೂಲ್ ಹಳಿಗಳೇ ಕಳಚಿಕೊಳ್ಳುತ್ತವೆ. ಹಳಿ ಇಲ್ಲದೆ ಲೈಸೊಸೋಮ್ ಎಲ್ಲಿಗೆ ಹೋಗಬೇಕು? ಮೊದಲ ವರ್ಷ ಆ ಒಂದು ತಪ್ಪಿಗೆ ನನ್ನ ಮೂರು ತಿಂಗಳು ಹೋಗಿತ್ತು. ನನಗೆ ಅಭ್ಯಾಸವಾಗಿ ಮರೆತೇಹೋಗಿತ್ತು. ಇನ್ನೊಂದು ಊರಿನಲ್ಲಿ, ಹೇಳಿಕೊಡುವವರಿಲ್ಲದೆ ಇದನ್ನು ಮಾಡಿ ನೋಡುವ ಹುಡುಗ ಹುಡುಗಿಯರ ಮೂರು ತಿಂಗಳು ಯಾಕೆ ಹೋಗಬೇಕು? ವಿಧಾನದ ಭಾಗ ಎರಡು ಪುಟದಿಂದ ಐದು ಪುಟಕ್ಕೆ ಬೆಳೆಯಿತು. ಆಂಟಿಬಾಡಿಯ ಕ್ಯಾಟಲಾಗ್ ನಂಬರ್, ಎಷ್ಟು ಪಟ್ಟು ತೆಳು ಮಾಡಿದ್ದು, ಮೈಕ್ರೋಸ್ಕೋಪಿನ ಲೆನ್ಸ್, ಕೋಶಗಳಲ್ಲಿ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಂಡಿಲ್ಲ ಅಂತ ಪರೀಕ್ಷಿಸಿದ ತಿಂಗಳು, ಎಲ್ಲ ಬರೆದೆ.

ಕೋಶ ಯಾವುದು ಅನ್ನುವ ಸಾಲು ಬಂದಾಗ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನು ಬಳಸಿದ್ದು ಹೀಲಾ ಕೋಶ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಅವರ ಗೆಡ್ಡೆಯಿಂದ ಬಂದವು. ಅವರಿಗೆ ಆಗ 31 ವರ್ಷ. ಅವರನ್ನು ಕೇಳದೆ, ಹೇಳದೆ ತೆಗೆದಿದ್ದರು. ಅವರು ವರ್ಜೀನಿಯಾದ ತಂಬಾಕಿನ ಹೊಲದಲ್ಲಿ ದುಡಿದು ಬೆಳೆದವರು. ನಮ್ಮ ಪಕ್ಕದ ಹಾಸನ ಜಿಲ್ಲೆಯ ಅರಕಲಗೂಡು ಕಡೆಯೂ ತಂಬಾಕು ಬೆಳೆಯುತ್ತಾರೆ. ಎಲೆ ಬಿಡಿಸಿ, ಕಟ್ಟಿ, ಒಣಗಿಸುವ ಬ್ಯಾರನ್ನಿಗೆ ಏರಿಸುವ ಹೆಂಗಸರ ಕೈ ಅಂಟು ಅಂಟಾಗಿ ಕಪ್ಪಗಾಗುವುದನ್ನು ಸಣ್ಣವಳಿದ್ದಾಗ ನೋಡಿದ್ದೇನೆ. ಅಂಥದ್ದೇ ಕೈ ಅವರದ್ದೂ ಇದ್ದಿರಬೇಕು ಅನ್ನಿಸಿತು. ಧನ್ಯವಾದದ ಭಾಗದಲ್ಲಿ ಅನುದಾನದ ನಂಬರಿಗಿಂತ ಮೊದಲು ಅವರ ಹೆಸರು ಬರೆದೆ.

ಯಾವ ಪತ್ರಿಕೆಗೆ ಕಳಿಸುವುದು? ಇಲ್ಲಿ ಹಣದ ಮಾತೂ ಬರುತ್ತದೆ. ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ದಾರಿಯಲ್ಲಿ ಪ್ರಕಟಿಸಲು ಕೆಲವು ಪತ್ರಿಕೆಗಳು ಲೇಖಕರಿಂದ ಎರಡು ಮೂರು ಲಕ್ಷ ರೂಪಾಯಿಗೂ ಮೇಲೆ ಕೇಳುತ್ತವೆ. ನಮ್ಮಲ್ಲಿ ಅಷ್ಟು ಇರಲಿಲ್ಲ. ಹಳೆಯ ಚಂದಾ ದಾರಿಯಲ್ಲಿ ದುಡ್ಡು ಕೇಳದ ಒಳ್ಳೆಯ ಪತ್ರಿಕೆಗಳೂ ಇವೆ, ಅವುಗಳಲ್ಲೇ ಹುಡುಕಿದೆವು. ಕಳಿಸುವ ದಿನವೇ ಬಯೋಆರ್ಕೈವ್‌ಗೂ ಹಾಕುವುದು ಅಂತ ತೀರ್ಮಾನವಾಯಿತು. 2013ರಲ್ಲಿ ಶುರುವಾದ ಪ್ರಿಪ್ರಿಂಟ್ ಜಾಗ ಅದು, ಅಂದರೆ ಪತ್ರಿಕೆಯಲ್ಲಿ ಬರುವ ಮೊದಲೇ ಪ್ರಬಂಧವನ್ನು ಎಲ್ಲರಿಗೂ ಕಾಣುವ ಹಾಗೆ ಇಡುವ ವೆಬ್‌ಸೈಟ್. ಹಾಕಲೂ ದುಡ್ಡಿಲ್ಲ, ಓದಲೂ ದುಡ್ಡಿಲ್ಲ. 2025ರಿಂದ ಒಂದು ದೇಶ ಒಂದು ಚಂದಾ ಯೋಜನೆಯಲ್ಲಿ ಸರ್ಕಾರಿ ಕಾಲೇಜುಗಳಿಗೂ ಸುಮಾರು 13,000 ಪತ್ರಿಕೆಗಳು ಸಿಗುತ್ತಿವೆ, ಇದು ನಿಜವಾಗಿ ದೊಡ್ಡ ಬದಲಾವಣೆ. ನಾನು ಡಿಗ್ರಿ ಓದುವಾಗ ಒಂದು ಪ್ರಬಂಧ ಬೇಕೆಂದರೆ ಲೇಖಕರಿಗೇ ಇಮೇಲ್ ಹಾಕಿ ಬೇಡುತ್ತಿದ್ದೆ.

ಕಳಿಸಲು ಸೆಪ್ಟೆಂಬರಿನಲ್ಲಿ ಮತ್ತೆ ಊರಿಗೆ ಬಂದಿದ್ದೆ. ಮನೆಯ ನೆಟ್‌ವರ್ಕಿಗೆ ದೊಡ್ಡ ಫೈಲ್ ಹತ್ತಲಿಲ್ಲ. ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಬಸ್ ಹತ್ತಿ ಚಿಕ್ಕಮಗಳೂರಿಗೆ ಹೋಗಿ ಗೆಳತಿಯ ಮನೆಯಲ್ಲಿ ಕೂತೆ. ಹೆಸರು, ವಿಳಾಸ, ಪ್ರತಿಯೊಬ್ಬ ಸಂಶೋಧಕರನ್ನು ಗುರುತಿಸುವ ಓರ್ಕಿಡ್ ನಂಬರ್, ಹಿತಾಸಕ್ತಿಯ ಹೇಳಿಕೆ, ಪ್ರಬಂಧ ಓದಿ ತೂಗುವ ಪರಿಶೀಲಕರಾಗಿ ಯಾರನ್ನು ಕೇಳಬಹುದು, ಮೂಲ ದತ್ತಾಂಶ ಎಲ್ಲಿಟ್ಟಿದ್ದೀರಿ, ಒಂದೊಂದೇ ತುಂಬಿದೆ. ಸಂಪಾದಕರಿಗೆ ಪತ್ರವನ್ನು ಒಂದೇ ಪುಟದಲ್ಲಿ ಮುಗಿಸಿದೆ. ಕೊನೆಗೆ ಎಲ್ಲ ಸೇರಿ ಒಂದು ಪಿಡಿಎಫ್ ಆಗುತ್ತದೆ, ಅದನ್ನು ಓದಿ ಒಪ್ಪಿಗೆ ಒತ್ತಬೇಕು. ಸುಸ್ತಾಗಿ ಓದದೆ ಒತ್ತುವವರೇ ಜಾಸ್ತಿ. ದಯವಿಟ್ಟು ಓದಿ. ನನ್ನ ಪಿಡಿಎಫ್‌ನಲ್ಲಿ ಮೈಕ್ರೋಮೀಟರಿನ ಮ್ಯೂ ಅಕ್ಷರ ಇದ್ದ ಕಡೆಯಲ್ಲೆಲ್ಲ ಎಂ ಅಂತ ಬಂದಿತ್ತು. ಅಳತೆಗೋಲಿನ ಗೆರೆ ಹತ್ತು ಮೈಕ್ರೋಮೀಟರ್ ಇದ್ದದ್ದು ಹತ್ತು ಮಿಲಿಮೀಟರ್ ಆಗಿತ್ತು, ಅಂದರೆ ಆ ಗೆರೆಗಿಂತ ಎರಡು ಮೂರು ಪಟ್ಟು ಇರುವ ಕೋಶ ಅಡಿಕೆಯಷ್ಟು ದೊಡ್ಡದು.

ಒಂಬತ್ತನೇ ದಿನ ಉತ್ತರ ಬಂತು. ಪರಿಶೀಲಕರಿಗೆ ಕಳಿಸದೆ ಸಂಪಾದಕರೇ ವಾಪಸ್ ಮಾಡಿದ್ದರು. ಫೋನಿನಲ್ಲಿ ಓದಿದೆ. ಹಿತ್ತಲಿಗೆ ಹೋಗಿ ನಿಂತೆ. ಕೋಶ ಊಟದಿಂದ ಶಕ್ತಿ ತೆಗೆಯುವ ಸಿಟ್ರಿಕ್ ಆಮ್ಲ ಚಕ್ರದ (ಕ್ರೆಬ್ಸ್ ಚಕ್ರ ಅಂತಲೂ ಅನ್ನುತ್ತಾರೆ) ಬಗ್ಗೆ ಹ್ಯಾನ್ಸ್ ಕ್ರೆಬ್ಸ್ ಅವರ ಕೆಲಸವನ್ನು 1937ರಲ್ಲಿ ನೇಚರ್ ಪತ್ರಿಕೆ ತೆಗೆದುಕೊಳ್ಳಲಿಲ್ಲ, ಆಮೇಲೆ ಅದಕ್ಕೇ ನೊಬೆಲ್ ಬಂತು ಅಂತ ಗೆಳೆಯರು ಮೆಸೇಜ್ ಹಾಕಿದರು. ಪ್ರೀತಿಯಿಂದಲೇ ಹಾಕಿದ್ದು. ಆದರೆ ಅಂಥ ಕಥೆಗಳಿಂದ ನನಗೆ ಸಮಾಧಾನ ಆಗುವುದಿಲ್ಲ. ವಾಪಸ್ ಬಂದ ಎಲ್ಲ ಪ್ರಬಂಧವೂ ಕ್ರೆಬ್ಸ್ ಚಕ್ರ ಅಲ್ಲ. ಸಹಾಯ ಮಾಡಿದ್ದು ಸಂಪಾದಕರ ಪತ್ರದ ಎರಡನೇ ಸಾಲು: ಈ ಕೆಲಸ ಯಾವ ಪ್ರಶ್ನೆಗೆ ಉತ್ತರ ಅನ್ನುವುದು ಸಾರಾಂಶದಲ್ಲಿ ಕಾಣಲಿಲ್ಲ ಅಂತ. ಎರಡು ದಿನ ಬಿಟ್ಟು ನನ್ನ ಸಾರಾಂಶವನ್ನು ಬೇರೆಯವರದ್ದು ಅನ್ನುವ ಹಾಗೆ ಓದಿದೆ. ಪ್ರಶ್ನೆ ಆರನೇ ವಾಕ್ಯದಲ್ಲಿತ್ತು. ಅಮ್ಮನಿಗೆ ಹೇಳುವಾಗ ಮೊದಲ ಮಾತೇ ಅದಾಗಿತ್ತು. ಅಮ್ಮನಿಗೆ ಹೇಳಿದ ಕ್ರಮದಲ್ಲೇ ತಿದ್ದಿದೆ. ಇನ್ನೊಂದು ಪತ್ರಿಕೆಗೆ ಕಳಿಸಿದೆ.

ಏಳು ವಾರದ ಮೇಲೆ ಇಬ್ಬರು ಪರಿಶೀಲಕರ ಅಭಿಪ್ರಾಯ ಬಂದಿದೆ. ಹದಿನೇಳು ಪ್ರಶ್ನೆ. ತಿದ್ದಿ ಕಳಿಸಿದರೆ ನೋಡುತ್ತೇವೆ ಅಂದಿದ್ದಾರೆ. ಮೊದಲನೆಯವರು ಐದು ಚುಕ್ಕೆಯ ಆ ಚಿತ್ರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಎರಡನೆಯವರು ಕಟು. ಓದಿದ ದಿನ ಸಿಟ್ಟು ಬಂತು, ಮೂರನೇ ದಿನ ಅವರ ಹದಿನಾರು ಸಾಲಿನಲ್ಲಿ ಹನ್ನೆರಡು ಸರಿ ಅನ್ನಿಸಿತು. ಯಾರೋ ದೂರದ ಊರಿನಲ್ಲಿ, ಸಂಬಳ ಇಲ್ಲದೆ, ನನ್ನ ಹೆಸರೂ ಸರಿಯಾಗಿ ಉಚ್ಚರಿಸಲು ಬಾರದವರು, ನನ್ನ ವಿಧಾನದ ಐದು ಪುಟವನ್ನು ಪೂರ್ತಿ ಓದಿದ್ದಾರೆ. ಬೆಚ್ಚಗಿನ ದ್ರವದಲ್ಲಿ ತೊಳೆಯುವುದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ದಾರೆ. ಆ ಸಾಲನ್ನು ಅಪ್ಪನಿಗೆ ಓದಿ ಹೇಳಿದೆ.

ಹದಿನೈದಕ್ಕೆ ಉತ್ತರ ಬರೆದಾಗಿದೆ. ನಾಲ್ಕನೇ ಪ್ರಶ್ನೆ, ಆ ಪ್ರೋಟೀನ್ ಕೈನೆಸಿನ್ನನ್ನು ನೇರವಾಗಿ ಹಿಡಿಯುತ್ತದಾ ಅನ್ನುವುದು. ಈ ಪ್ರಯೋಗಗಳಿಂದ ಹೇಳಲಾಗುವುದಿಲ್ಲ ಅಂತ ಬರೆದಿದ್ದೇನೆ. ಇನ್ನೊಂದು ಉಳಿದಿದೆ. ಹೀಲಾ ಕ್ಯಾನ್ಸರ್ ಕೋಶ, ಕ್ಯಾನ್ಸರ್ ಅಲ್ಲದ ಕೋಶದಲ್ಲೂ ಹೀಗೇ ಆಗುತ್ತದಾ ತೋರಿಸಿ ಅಂದಿದ್ದಾರೆ. ನ್ಯಾಯವಾದ ಮಾತು. ಕಣ್ಣಿನ ರೆಟಿನಾದಿಂದ ಬಂದ, ಕ್ಯಾನ್ಸರ್ ಅಲ್ಲದ ಒಂದು ಬಗೆಯ ಕೋಶ ನಮ್ಮ ಲ್ಯಾಬಿನ ದ್ರವ ಸಾರಜನಕದ ಡಬ್ಬಿಯಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಎರಡು ವರ್ಷದಿಂದ ಮಲಗಿದೆ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಡುತ್ತೇನೆ. ಅಪ್ಪನ ಮೊದಲ ಕೊಯ್ಲು ಈ ಸಲ ನನಗೆ ತಪ್ಪುತ್ತದೆ. ಕೋಶಗಳನ್ನು ಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷದಲ್ಲಿ ಕರಗಿಸಿ, ತಟ್ಟೆಗೆ ಹಾಕಿ, ಮರುದಿನ ಎಷ್ಟು ಬದುಕಿವೆ ನೋಡಬೇಕು. ಆಮೇಲೆ ಐದು ಬೇರೆ ಬೇರೆ ದಿನ, ಐದು ಬೇರೆ ಬೇರೆ ತಟ್ಟೆ.